ಕಪ್ಪೆಗೊಂದು ಒರಟು ನೆಲ

ಫೆಬ್ರವರಿ 3

ಈ ಡೈರಿಯನ್ನು ಹೆಂಡತಿ ತಂದು ನನ್ನ ಎದೆಯ ಮೇಲಿಟ್ಟು ಕೆಲಸಕ್ಕೆ ಹೋದಳು. ಸಿಮೆಂಟ್ ಅಂಗಡಿಯವರು ಪುಕ್ಕಟೆ ಕೊಟ್ಟದ್ದು, ಬೀರುವಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. "ನನ್ನ ತಲೆ ತಿನ್ನೋ ಬದಲು ಇದರಲ್ಲಿ ಗೊಣಗಿ" ಎಂದಳು. ಸರಿ, ಗೊಣಗುತ್ತೇನೆ.

ಸೊಂಟ ಹಿಡಿದುಕೊಂಡಿದೆ. ಇಷ್ಟು ವರ್ಷ ಊರವರ ಮನೆಯ ನೆಲಕ್ಕೆಲ್ಲ ಪಾಲಿಶ್ ಹಾಕಿದ್ದಕ್ಕೆ ನೆಲ ಕೊಟ್ಟ ಬಹುಮಾನ. ಮೆಷಿನ್ ಮುಟ್ಟಬಾರದು, ಬಗ್ಗಬಾರದು, ಮೆತ್ತನೆ ಹಾಸಿಗೆ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಹಜಾರದಲ್ಲಿ ಚಾಪೆ ಹಾಸಿಕೊಂಡು ಬಿದ್ದಿದ್ದೇನೆ. ಬಿದ್ದಿದ್ದರೂ ಎಂಥ ನೆಲದ ಮೇಲೆ ಬಿದ್ದಿದ್ದೇನೆ ಎನ್ನುವುದು ಮುಖ್ಯ. ಇದು ನಾನೇ ಸಾಣೆ ಹಿಡಿದು, ಮೇಣ ತಿಕ್ಕಿ ಮಾಡಿದ ನೆಲ. ಬಗ್ಗಿ ನೋಡಿಕೊಂಡು ತಲೆ ಬಾಚಬಹುದು. ನನಗೆ ಕೆಲಸ ಕೊಡಿಸುವ ಮೇಸ್ತ್ರಿ ಹೊಸ ಗಿರಾಕಿಗಳನ್ನು ಕರೆತಂದು ತೋರಿಸುವುದು ಇದನ್ನೇ.

ಬರೆಯಲು ಒಂದು ಸುದ್ದಿಯೂ ಇದೆ. ದೊರೆಸಾನಿ ಹೆತ್ತಳು. ದೊರೆಸಾನಿ ಎಂದರೆ ಅತ್ತೆಯವರ ನಾಯಿ. ಅತ್ತೆಯವರು ನಮ್ಮ ಜೊತೆ ಇರಲು ಬಂದಾಗ ಒಂದು ಟ್ರಂಕು, ಒಂದು ರೇಡಿಯೋ ಮತ್ತು ಈ ನಾಯಿಯ ಸಮೇತ ಬಂದಿದ್ದರು. ಇಡೀ ಮನೆ ಬಿಟ್ಟು ನನ್ನ ಮೆಷಿನ್ ಇಡುವ ಕೋಣೆಯಲ್ಲೇ, ಮೆಷಿನ್ನಿನ ಪಕ್ಕದಲ್ಲೇ, ನಾಲ್ಕು ಮರಿ ಹಾಕಿದ್ದಾಳೆ.

ಅತ್ತೆಯವರು ತಮ್ಮ ಕೋಣೆಯ ಬಾಗಿಲಿಗೆ ಬಂದು, ಗೋಡೆ ಹಿಡಿದು ನಿಂತು ಹೇಳಿದರು: "ದೊರೆಸಾನಿ, ಅಳಿಯಂದಿರಿಗೆ ಹೇಳು. ಇನ್ಮೇಲೆ ಆ ಕೋಣೇಲಿ ಬೀಡಿ ಸೇದೋ ಹಾಗಿಲ್ಲ."

ನಾನು ಚಾಪೆಯಿಂದಲೇ ಹೇಳಿದೆ: "ದೊರೆಸಾನಿ, ನಿಮ್ಮಮ್ಮನಿಗೆ ಹೇಳು. ಬಾಣಂತಿಯ ಅಪ್ಪಣೆ ಆಯ್ತು, ಸೇದಲ್ಲ."

ಅತ್ತೆಯವರು ಬಂದಾಗಿನಿಂದ ನಮ್ಮಿಬ್ಬರ ಮಾತು ನಡೆಯುವುದು ಹೀಗೆಯೇ. ನೇರವಾಗಿ ಮಾತಾಡಲು ಅವರಿಗೂ ಸಂಕೋಚ, ನನಗೂ ಸಂಕೋಚ. ಅವರು ಹಜಾರಕ್ಕೆ ಬರುವುದೇ ಅಪರೂಪ. ನನ್ನ ಮುಖ ಕಂಡರೆ ಅಷ್ಟಕ್ಕಷ್ಟೇ ಇರಬೇಕು.

ಫೆಬ್ರವರಿ 5

ಎಲ್ಲಕ್ಕಿಂತ ಚಿಕ್ಕ ಮರಿಗೆ ಏನೋ ಆಗಿದೆ. ಹಾಲು ಕುಡಿದರೆ ಮೂಗಿನಿಂದ ಬರುತ್ತದೆ. ಪಕ್ಕದ ಬೀದಿಯ ನಾಯಿ ಡಾಕ್ಟರಮ್ಮನನ್ನು ಹೆಂಡತಿ ಕರೆದುಕೊಂಡು ಬಂದಳು. ಅವರು ಮರಿಯ ಬಾಯಿಯನ್ನು ಕಿರುಬೆರಳಲ್ಲಿ ತೆರೆದು, ಟಾರ್ಚ್ ಬಿಟ್ಟು, ನಮಗೂ ತೋರಿಸಿದರು. ಅಂಗುಳದ ನಡುವೆ ಸೀಳು.

"ಹೊಟ್ಟೇಲಿ ಬೆಳೆಯುವಾಗ ಎರಡು ಕಡೆಯಿಂದ ಬಂದು ಕೂಡಿಕೋಬೇಕು. ಇದಕ್ಕೆ ಕೂಡಿಕೊಂಡಿಲ್ಲ. ಕೊಳವೆ ಹಾಕಿ ಹಾಲು ಕೊಟ್ಟು ನೋಡೋಣ. ಆದರೆ ಎದೆಗೂ ಹಾಲು ಇಳಿದಿರೋ ಹಾಗಿದೆ."

ಅತ್ತೆಯವರು ಮೆಲ್ಲಗೆ ಕೇಳಿದರು: "ಡಾಕ್ಟರಮ್ಮಾ, ಬಸುರಿ ಇದ್ದಾಗ ಇವಳು ಹಜಾರದಲ್ಲಿ ಜಾರಿ ಬಿದ್ದಿದ್ಳು. ಅದರಿಂದ ಏನಾದ್ರೂ?"

ನನಗೆ ಮೈಯೆಲ್ಲ ಉರಿಯಿತು. ನಾಯಿಮರಿಯ ಬಾಯಿ ಹುಟ್ಟುವಾಗ ಸೀಳಿದ್ದರೆ ಅದಕ್ಕೂ ನನ್ನ ನೆಲವೇ ಬೇಕೇ? ಡಾಕ್ಟರಮ್ಮ ತಲೆಯಾಡಿಸಿ, "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಯಾರ ತಪ್ಪೂ ಅಲ್ಲ" ಎಂದರು. ಅವರು ಹೋದಮೇಲೆ ನಾನು ದೊರೆಸಾನಿಗೆ ಗಟ್ಟಿಯಾಗಿ ಹೇಳಿದೆ: "ಕೇಳಿಸ್ಕೊಂಡ್ಯಾ? ನೆಲಕ್ಕೂ ಇದಕ್ಕೂ ಸಂಬಂಧ ಇಲ್ಲ." ಅತ್ತೆಯವರ ಕೋಣೆಯಲ್ಲಿ ರೇಡಿಯೋ ಶುರುವಾಯಿತು.

ಫೆಬ್ರವರಿ 6

ಚಿಕ್ಕದು ಹೋಯಿತು. ನನಗೆ ಬಗ್ಗಲು ಆಗದ ಕಾರಣ ಹೆಂಡತಿಯೇ ಹಿತ್ತಲಲ್ಲಿ ಗುಂಡಿ ತೋಡಿದಳು. ಅತ್ತೆಯವರು ತಮ್ಮ ಟ್ರಂಕಿನಿಂದ ಒಂದು ಹತ್ತಿ ಬಟ್ಟೆ ತೆಗೆದು ಸುತ್ತಿ ಕೊಟ್ಟರು. ದೊರೆಸಾನಿ ಸುಮ್ಮನೆ ನೋಡುತ್ತಿದ್ದಳು. ನಿನ್ನೆ ಹಾಗೆ ಕೂಗಿ ಹೇಳಬಾರದಿತ್ತು.

ಫೆಬ್ರವರಿ 22

ಸೊಂಟ ಸ್ವಲ್ಪ ವಾಸಿ. ಕೂರಬಹುದು, ಗೋಡೆಗೆ ಒರಗಬಹುದು.

ಉಳಿದ ಮರಿಗಳು ಕಣ್ಣು ಬಿಟ್ಟಿವೆ. ಎರಡು ಆಗಲೇ ಕುಡಿದವರ ಹಾಗೆ ತೂರಾಡುತ್ತ ನಡೆಯುತ್ತವೆ. ಮೂರನೆಯದು ಮಾತ್ರ ಮಹಾ ಸೋಮಾರಿ. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಚಾಚಿ, ಹೊಟ್ಟೆ ನೆಲಕ್ಕೆ ಹಚ್ಚಿ, ಈಜುವ ಹಾಗೆ ಕಾಲು ಆಡಿಸುತ್ತದೆ. ಕಪ್ಪೆ ಎಂದು ಹೆಸರಿಟ್ಟೆ. ಹೆಂಡತಿ "ಪಾಪ, ಅದಕ್ಕೆ ಇನ್ನೊಂದು ಹೆಸರು ಸಿಗಲಿಲ್ವಾ" ಎಂದಳು. ಆದರೆ ಕಪ್ಪೆ ಎಂದು ಕರೆದರೆ ಅದು ತಲೆ ಎತ್ತಿ ನೋಡುತ್ತದೆ. ಬೇರೆ ಯಾರೂ ನನ್ನನ್ನು ಹಾಗೆ ನೋಡುವುದಿಲ್ಲ.

ಕೋಣೆಯ ಸಿಮೆಂಟ್ ನೆಲದ ಮೇಲೆ ಅದು ಕಾಲಾಡಿಸಿದರೂ ಇದ್ದಲ್ಲೇ ಇರುತ್ತದೆ. ಅಯ್ಯೋ ಎನಿಸಿ ಹಜಾರಕ್ಕೆ ತಂದು ಬಿಟ್ಟೆ. ನೋಡಬೇಕಿತ್ತು! ಒಂದು ಸಲ ಕಾಲು ಒದ್ದರೆ ಸುಯ್ಯೆಂದು ಬಾಗಿಲ ತನಕ. ಕಪ್ಪೆಗೆ ಖುಷಿಯೋ ಖುಷಿ. ನನ್ನ ನೆಲದ ಮಹಿಮೆ ಮೊದಲು ಅರಿತ ಜೀವ ಇದೇ ಇರಬೇಕು.

ಫೆಬ್ರವರಿ 24

ಕಪ್ಪೆಗೆ ಇನ್ನೂ ಸಲೀಸಾಗಲಿ ಎಂದು ಕೂತಲ್ಲೇ ಕೂತು, ಕೈಗೆ ಸಿಕ್ಕಷ್ಟು ನೆಲಕ್ಕೆಲ್ಲ ಮೇಣ ತಿಕ್ಕಿದೆ. ಸೊಂಟ ನೋಯುತ್ತದೆ, ನೋಯಲಿ. ಬೆಳಗಿನಿಂದ ಈಜಿ ಈಜಿ ಸುಸ್ತಾಗಿ ನನ್ನ ಮೊಣಕೈ ಮೇಲೆ ತಲೆಯಿಟ್ಟು ಮಲಗಿದೆ. ಬರೆಯುವಾಗ ಕೈ ಅಲ್ಲಾಡಿಸುವ ಹಾಗಿಲ್ಲ. ಅಕ್ಷರ ಸೊಟ್ಟಗಾದರೆ ಕಪ್ಪೆಯನ್ನು ಕೇಳಿ.

ಫೆಬ್ರವರಿ 26

ಮರಿಗಳಿಗೆ ಹುಳುವಿನ ಔಷಧಿ ಕೊಡಲು ಬಂದಿದ್ದ ಡಾಕ್ಟರಮ್ಮ ಕಪ್ಪೆಯನ್ನು ಎತ್ತಿ ಎದೆ ಒತ್ತಿ ನೋಡಿದರು. ಮುಖ ಗಂಭೀರವಾಯಿತು.

"ಇದನ್ನ ಈ ನೆಲದ ಮೇಲೆ ಬಿಡ್ತಿರೋದು ಯಾರು?"

"ನಾನೇ" ಎಂದೆ. ನಿಜ ಹೇಳಬೇಕೆಂದರೆ ಹೆಮ್ಮೆಯಿಂದಲೇ ಹೇಳಿದೆ.

"ಮೇಣ ಬೇರೆ ಹಾಕಿದ್ದೀರಾ?"

"ದಿನಾ ಹಾಕ್ತೀನಿ."

ಆಮೇಲೆ ಬಿತ್ತು ನೋಡಿ ಮಂಗಳಾರತಿ. ಇದೂ ಹುಟ್ಟಿನಿಂದ ಬಂದ ದೋಷವಂತೆ. ಕಾಲುಗಳನ್ನು ಒಳಕ್ಕೆ ಎಳೆದುಕೊಳ್ಳುವ ಬಲವಿಲ್ಲ. ಹಾಗೇ ಬೋರಲು ಬಿದ್ದಿದ್ದರೆ ಎದೆಗೂಡು ಚಪ್ಪಟೆಯಾಗುತ್ತ ಹೋಗಿ, ಒಳಗೆ ಉಸಿರಿಗೇ ಜಾಗ ಸಾಲುವುದಿಲ್ಲ. ಈಗಾಗಲೇ ಚಪ್ಪಟೆಯಾಗತೊಡಗಿದೆ.

"ನಿಮ್ಮ ನೆಲದಿಂದ ಬಂದದ್ದಲ್ಲ. ಆದರೆ ಜಾರೋ ನೆಲ ಇದಕ್ಕೆ ವಿಷ. ನೀವು ಜಾರೋದನ್ನ ಕಲಿಸ್ತಿದ್ದೀರಿ. ಇದು ಕಲೀಬೇಕಾದ್ದು ಕಾಲೂರೋದನ್ನ."

ಹಿಂಗಾಲುಗಳು ಅಗಲವಾಗದ ಹಾಗೆ ಪಟ್ಟಿ ಕಟ್ಟಬೇಕು. ಕಾಲು ನೀವಬೇಕು. ಮಲಗಿದಾಗ ಮಗ್ಗುಲಿಗೆ ತಿರುಗಿಸುತ್ತಿರಬೇಕು. ಓಡಾಡಲು ಒರಟು ನೆಲ ಬೇಕು. ಆಗಲೂ ಉಸಿರಿಗೆ ತೊಂದರೆಯಾದರೆ, ಸೂಜಿ ಹಾಕಿ ಕಳಿಸಿಕೊಡುವುದೇ ಉಪಕಾರ ಎಂದರು.

ಅತ್ತೆಯವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ನಾಯಿಗೆ ಏನಾದರೂ ಹೇಳಿಬಿಡಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ನಾನು ಮೇಣ ಹಾಕಿದ್ದು ಪ್ರೀತಿಯಿಂದ. ಪ್ರೀತಿಯಿಂದಲೇ ಅದರ ಎದೆ ಚಪ್ಪಟೆ ಮಾಡುತ್ತಿದ್ದೆ.

ಫೆಬ್ರವರಿ 27

ಹೆಂಡತಿ ಕೆಲಸ ಮಾಡುವುದು ಔಷಧಿ ಅಂಗಡಿಯಲ್ಲಿ. ಮೆತ್ತನೆಯ ಪಟ್ಟಿ ತಂದು, ಎರಡು ಹಿಂಗಾಲುಗಳ ನಡುವೆ ಸ್ವಲ್ಪ ಜಾಗ ಬಿಟ್ಟು ನೀಟಾಗಿ ಕಟ್ಟಿದಳು. ಕಪ್ಪೆ ತಿರುಗಿ ತನ್ನ ಕಾಲನ್ನು ಮೂಸಿ, ನಮ್ಮ ಕಡೆ ನೋಡಿ, ಇದೇನು ಮಾಡಿದಿರಿ ಎನ್ನುವ ಹಾಗೆ ಒಂದು ಸಲ ಬೊಗಳಿತು. ಅದರ ಮೊದಲ ಬೊಗಳು. ಎಲ್ಲರಿಗೂ ನಗು.

ಹಜಾರದ ತುಂಬ ಗೋಣಿಚೀಲ ಹಾಸಿದ್ದೇವೆ. ನನ್ನ ನೆಲ ಈಗ ಮಂಡಿಯ ಗೋದಾಮು.

ಮಾರ್ಚ್ 2

ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಅತ್ತೆಯವರದು. ಅವರು ಗೋಣಿಚೀಲದ ಮೇಲೆ ನಡೆದು ಬಂದು ಹಜಾರದಲ್ಲೇ ಕೂರುತ್ತಾರೆ. ಕಪ್ಪೆಗೋಸ್ಕರ ನನ್ನ ಮುಖವನ್ನೂ ಸಹಿಸಿಕೊಂಡಿದ್ದಾರೆ.

ಅವರು ಕಾಲು ನೀವುವ ರೀತಿಯೇ ಬೇರೆ. ಹೆಬ್ಬೆರಳಿಂದ ತೊಡೆಯ ಬುಡದಿಂದ ಪಂಜದ ತನಕ, ಮೆಲ್ಲಗೆ. "ಎದ್ದೇಳೋ ರಾಜಾ, ನಿಲ್ಲೋ ರಾಜಾ" ಎಂದು ಏನೋ ಗುನುಗುತ್ತಾರೆ. ನಾನು ನೀವಿದರೆ ಕಪ್ಪೆ ಕುಂಯ್‌ಗುಟ್ಟುತ್ತದೆ. "ನೆಲ ತಿಕ್ಕಿದ ಹಾಗೆ ತಿಕ್ಕಬೇಡಿ" ಎಂದರು. ದೊರೆಸಾನಿ ಆಗ ಹಿತ್ತಲಲ್ಲಿದ್ದಳು. ಯಾರಿಗೆ ಹೇಳಿದರು ಎಂದು ಸುತ್ತ ನೋಡಿದೆ.

ಕಷ್ಟದ ಕೆಲಸವೆಂದರೆ ಒರೆಸುವುದು. ನಿಲ್ಲಲು ಆಗದ ಕಾರಣ ಮಲಗಿದಲ್ಲೇ ಉಚ್ಚೆ, ಅದರಲ್ಲೇ ಹೊಟ್ಟೆ. ಎಷ್ಟು ಬೇಗ ತೊಳೆದರೂ ಹೊಟ್ಟೆಯ ಚರ್ಮ ಕೆಂಪಾಗಿದೆ. ತೊಳೆಯುವಾಗ ಅದು ನಾಚಿಕೊಂಡ ಹಾಗೆ ಮುಖ ತಿರುಗಿಸುತ್ತದೆ. ಇಷ್ಟು ಚಿಕ್ಕ ಜೀವಕ್ಕೆ ನಾಚಿಕೆ ಇರುತ್ತದೋ ಇಲ್ಲವೋ, ನನಗಂತೂ ಕರುಳು ಚುರ್ ಎನ್ನುತ್ತದೆ.

ಮಾರ್ಚ್ 5

ಗೋಣಿಚೀಲವೇ ಜಾರುತ್ತದೆ. ಕಪ್ಪೆ ಮುಂಗಾಲು ಊರಿ ಎದ್ದೇಳಲು ನೋಡುತ್ತದೆ, ಚೀಲ ಸರ್ರನೆ ಹಿಂದೆ ಹೋಗುತ್ತದೆ, ಗಲ್ಲ ನೆಲಕ್ಕೆ ಬಡಿಯುತ್ತದೆ. ಮೂಲೆಗಳಿಗೆ ಇಟ್ಟಿಗೆ ಹೇರಿದೆ. ಆದರೂ ಅಷ್ಟೇ. ಎಂಥ ಪಾಲಿಶ್ ಹಾಕಿದ್ದೇನಪ್ಪಾ ನಾನು.

ಮಾರ್ಚ್ 8

ಕೆಟ್ಟ ದಿನ. ಮೇಸ್ತ್ರಿ ಫೋನ್ ಮಾಡಿ, ದೊಡ್ಡ ಮನೆ ಕಟ್ಟಿಸುತ್ತಿರುವ ಗಿರಾಕಿಯೊಬ್ಬರನ್ನು ಕರೆತರುತ್ತೇನೆ, ಹಜಾರ ತೋರಿಸಬೇಕು ಎಂದ. ಗೋಣಿಚೀಲ ಎಲ್ಲ ಎತ್ತಿಟ್ಟೆ. ಕಪ್ಪೆಯನ್ನು ಬುಟ್ಟಿಯಲ್ಲಿ ಕೂರಿಸಿದೆ. ನೆಲಕ್ಕೆ ಒಂದು ಕೈ ಬಟ್ಟೆಯನ್ನೂ ಎಳೆದೆ. ಫಳಫಳ.

ಗಿರಾಕಿ ಒಳಗೆ ಬಂದು ಬಾಯಿ ತೆರೆದು ನಿಂತರು. ನಾನು ಹೇಳಲು ಶುರು ಮಾಡಿದೆ, ಯಾವ ಸಾಣೆ, ಎಷ್ಟು ಸಲ ಎಂದು. ಅಷ್ಟರಲ್ಲಿ ಅತ್ತೆಯವರು ಕಪ್ಪೆಗೆ ಹಾಲಿನ ಪುಡಿ ಕಲಸಿಕೊಂಡು, ಬಟ್ಟಲು ಹಿಡಿದು ಅಡುಗೆಮನೆಯಿಂದ ಬಂದರು. ಚೀಲ ಇದೆ ಎಂದುಕೊಂಡೇ ಕಾಲಿಟ್ಟರು. ದಡ್ ಎಂದು ಕೂತುಬಿಟ್ಟರು.

ಸೊಂಟ ಮರೆತು ಓಡಿದೆ. ಬಟ್ಟಲನ್ನು ಮೇಲಕ್ಕೆ ಎತ್ತಿ ಹಿಡಿದೇ ಕೂತಿದ್ದರು. "ಗಾಬರಿ ಆಗ್ಬೇಡಿ ಅಳಿಯಂದಿರೇ. ಹಾಲು ಚೆಲ್ಲಿಲ್ಲ" ಎಂದರು.

ಗಿರಾಕಿ ಮೇಸ್ತ್ರಿಗೆ ಮೆಲ್ಲಗೆ, "ನಮ್ಮನೇಲೂ ಅಮ್ಮ ಇದ್ದಾರೆ, ಯೋಚನೆ ಮಾಡಿ ಹೇಳ್ತೀನಿ" ಎಂದರು. ಮೇಸ್ತ್ರಿ ನನ್ನನ್ನು ಕಣ್ಣಲ್ಲೇ ಸುಟ್ಟು ಹೋದ. ಅವನ ಮನೆ ಹಾಳಾಗಲಿ.

ಮೂಳೆಗೆ ಏನೂ ಆಗಿಲ್ಲವಂತೆ, ಬರೀ ಪೆಟ್ಟು ಎಂದು ಡಾಕ್ಟರು ಹೇಳಿದ ಮೇಲೆ ಉಸಿರು ಬಂತು. ಮನೆಗೆ ಕರೆತಂದು ಮಲಗಿಸಿ ಕೇಳಿದೆ: "ಮೊದಲೂ ಬಿದ್ದಿದ್ರಾ?"

"ಬಿದ್ದಿಲ್ಲ. ಬೀಳ್ತೀನಿ ಅಂತಾನೇ ಹೊರಗೆ ಬರ್ತಿರಲಿಲ್ಲ."

"ನನಗೊಂದು ಮಾತು ಹೇಳಬಾರದಿತ್ತಾ ಅತ್ತೆ?"

"ಹೇಳಿದ್ನಲ್ಲ" ಎಂದರು. "ದೊರೆಸಾನಿಗೆ. ಎಷ್ಟೋ ಸಲ."

ಮಂಚದ ಕೆಳಗಿನಿಂದ ದೊರೆಸಾನಿ ಬಾಲ ಬಡಿದಳು. ಕಳ್ಳಿ.

ಮಾರ್ಚ್ 9

ಜೊತೆ ಕೆಲಸದವನನ್ನು ಕರೆಸಿದೆ. ಮೆಷಿನ್ನಿಗೆ ಒರಟು ಸಾಣೆಕಲ್ಲು ಹಾಕು ಎಂದೆ.

"ಯಾರ ಮನೇದು?"

"ಇದೇ. ಹಜಾರ."

"ತಲೆ ನೆಟ್ಟಗಿದೆಯೇನೋ? ಒರಟು ಹಾಕೋದು ಮೊದಲನೇ ಸುತ್ತಿನಲ್ಲಿ. ಇದು ಕೊನೇ ಸುತ್ತು ಮುಗಿದು ವರ್ಷಗಳಾಯ್ತು. ನಾವಿಬ್ಬರೂ ಸೇರಿ ಮಾಡಿದ ನೆಲ ಕಣೋ."

"ಈಗ ನಾವಿಬ್ಬರೂ ಸೇರಿ ಕೆಡಿಸೋಣ."

ಅವನು ಮೆಷಿನ್ ಹಿಡಿದ, ನಾನು ಕುರ್ಚಿಯಲ್ಲಿ ಕೂತು ನೀರು ಬಿಟ್ಟೆ. ಜೀವಮಾನವೆಲ್ಲ ಒರಟಿನಿಂದ ನುಣುಪಿಗೆ ಹೋದವನು ಮೊದಲ ಸಲ ವಾಪಸ್ ಹೊರಟೆ. ಹೊಳಪು ಹೋಗುವಾಗ ಎರಡು ಸಲ ಮುಖ ತಿರುಗಿಸಿದೆ, ಸುಳ್ಳು ಯಾಕೆ ಹೇಳಲಿ. ರಾಡಿ ತೊಳೆದ ಮೇಲೆ ನೋಡಿದರೆ ಬೂದು ಬಣ್ಣದ, ಮಂಕು ನೆಲ. ಅಂಗೈ ಇಟ್ಟರೆ ಹಿಡಿದುಕೊಳ್ಳುತ್ತದೆ. ಕಪ್ಪೆಗೋಸ್ಕರ ಮಾಡಿಸಿದೆ ಎಂದು ಹೆಂಡತಿಗೆ ಹೇಳಿದೆ. ಅವಳು ನಕ್ಕು, "ಹೌದೌದು, ಕಪ್ಪೆಗೋಸ್ಕರ" ಎಂದು ಒಳಗೆ ಹೋದಳು.

ಮಾರ್ಚ್ 12

ಕಪ್ಪೆ ಬೆಳಗಿನಿಂದ ಏದುಸಿರು ಬಿಡುತ್ತಿದೆ. ಹಾಲು ಬೇಡ, ಆಟ ಬೇಡ. ಡಾಕ್ಟರಮ್ಮ ಬಂದು ಬಹಳ ಹೊತ್ತು ಎದೆಗೆ ಕಿವಿಕೊಟ್ಟರು. ಎದೆಗೂಡು ಮೊದಲಿಗಿಂತ ದುಂಡಗಾಗಿದೆ, ಆದರೆ ನೆಗಡಿ ಎದೆಗೆ ಇಳಿದಿದೆ. ಈ ಔಷಧಿಗೆ ಬಗ್ಗಿದರೆ ಸರಿ, ಇಲ್ಲದಿದ್ದರೆ ಆವತ್ತು ಹೇಳಿದ್ದನ್ನು ಯೋಚಿಸಬೇಕಾಗುತ್ತದೆ ಎಂದರು.

ಅವರು ಹೋದಮೇಲೆ ನನಗೆ ಅಳು ಬಂದುಬಿಟ್ಟಿತು. ತಡೆಯಲು ನೋಡಿದೆ, ಆಗಲಿಲ್ಲ. ಅದೂ ಅತ್ತೆಯವರ ಎದುರಿಗೆ. ಕಪ್ಪೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದವರು ನನ್ನನ್ನು ನೋಡಿ, "ಅಳಿ, ಅಳಿಯಂದಿರೇ. ಹೆಸರಲ್ಲೇ ಅಪ್ಪಣೆ ಇದೆ" ಎಂದರು. ಅಳುತ್ತಿದ್ದವನಿಗೆ ನಗು ಬಂತು. ಅವರಿಗೂ ಬಂತು, ಆದರೆ ಅವರ ಕಣ್ಣೂ ಒದ್ದೆಯಾಗಿತ್ತು.

ಮಾರ್ಚ್ 13

ಹಾಗೇ ಇದೆ.

ಮಾರ್ಚ್ 15

ಹಾಲು ಕುಡಿಯಿತು! ಬಟ್ಟಲಿನ ಅಂಚನ್ನೂ ನೆಕ್ಕಿತು. ಅತ್ತೆಯವರು ಬಟ್ಟಲನ್ನು ಹೊಸಿಲ ತನಕ ಒಯ್ದು, ಕೆಲಸದಿಂದ ಬರುತ್ತಿದ್ದ ಮಗಳಿಗೆ ತೋರಿಸಿದರು.

ಮಾರ್ಚ್ 17

ಉಸಿರು ಸಲೀಸಾಗಿದೆ. ಅದರ ಅಕ್ಕ, ಅಣ್ಣ ಎರಡೂ ಬೇರೆ ಮನೆಗೆ ಹೋದವು. ಡಾಕ್ಟರಮ್ಮನ ಪರಿಚಯದ ಒಳ್ಳೆಯ ಜನ. ಕಪ್ಪೆಯನ್ನು ಅವರು ನೋಡಿ, "ಇದು?" ಎಂದರು. "ಇದು ನಮ್ಮದು" ಎಂದೆವು.

ಅತ್ತೆಯವರ ಕಾಟ ವಿಪರೀತವಾಗಿದೆ. ಹಾಲಿನವನ ಜೊತೆ ಬಾಗಿಲಿಗೆ ಹೋಗಿ ಜಗಳ, ಅಡುಗೆಮನೆಯ ಡಬ್ಬಿಗಳೆಲ್ಲ ಅದಲು ಬದಲು, ರೇಡಿಯೋ ಹಜಾರದಲ್ಲಿ. ನಾನು ಚಾಪೆ ಹಾಸುವ ಜಾಗವನ್ನೂ ಬದಲಾಯಿಸಿದ್ದಾರೆ. ಬೀಡಿಯ ಕಟ್ಟು ಎಲ್ಲಿ ಹೋಯಿತು ಎಂದು ಕೇಳಿದರೆ, "ನನ್ನ ಕೇಳಬೇಡಿ, ನಿಮಗೇ ಒಳ್ಳೇದು" ಎನ್ನುತ್ತಾರೆ. ಈ ಮಾತುಗಳೆಲ್ಲ ಮೊದಲು ದೊರೆಸಾನಿಗೆ ಹೋಗುತ್ತಿದ್ದವು. ಈಗ ಅವಳು ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಆರಾಮಾಗಿದ್ದಾಳೆ.

ಮಾರ್ಚ್ 19

ಡಾಕ್ಟರಮ್ಮ ಹೇಳಿದ್ದರಿಂದ ಇವತ್ತು ಬೆಳಿಗ್ಗೆ ಪಟ್ಟಿ ಬಿಚ್ಚಿದೆವು. ಹೆಂಡತಿ ಸ್ನಾನಕ್ಕೆ ಹೋದಳು. ನಾನು ಹಜಾರದ ಒಂದು ಗೋಡೆಗೆ ಒರಗಿ ಕೂತಿದ್ದೆ, ಅತ್ತೆಯವರು ಎದುರು ಗೋಡೆಗೆ. ಕಪ್ಪೆ ನಡುವೆ.

ಅದು ಮೊದಲು ಮುಂಗಾಲು ಊರಿತು. ಅಷ್ಟು ಯಾವಾಗಲೂ ಮಾಡುತ್ತದೆ. ಆಮೇಲೆ ಹಿಂಭಾಗ ನಡುಗಲು ಶುರುವಾಯಿತು. ಹಿಂಗಾಲಿನ ಉಗುರು ನೆಲಕ್ಕೆ ತಾಗಿ ಸರ್ ಎಂದಿತು, ನಿಂತಿತು. ನನ್ನ ನೆಲ ಹಿಡಿದುಕೊಂಡಿತು. ಹೊಟ್ಟೆ ಮೇಲಕ್ಕೆ ಬಂತು. ಹೊಟ್ಟೆಗೂ ನೆಲಕ್ಕೂ ನಡುವೆ ಮೊದಲ ಸಲ ಬೆಳಕು ಕಂಡಿತು. ಕಾಲು ಸೊಟ್ಟಗಿವೆ, ಬೆನ್ನು ಸ್ವಲ್ಪ ವಾಲಿದೆ, ಆದರೂ ನಿಂತಿತ್ತು. ಅತ್ತೆಯವರು ಎರಡೂ ಕೈ ಬಾಯಿಗೆ ಇಟ್ಟುಕೊಂಡಿದ್ದರು.

ಕಪ್ಪೆ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ಮೂರನೆಯದಕ್ಕೆ ಬೀಳುತ್ತದೆ ಎಂದುಕೊಂಡೆ, ಬೀಳಲಿಲ್ಲ. ಹಜಾರದ ನಟ್ಟನಡುವೆ, ಗಿರಾಕಿಗಳನ್ನು ನಿಲ್ಲಿಸಿ ತೋರಿಸುತ್ತಿದ್ದೆನಲ್ಲ, ಅದೇ ಜಾಗದಲ್ಲಿ ನಿಂತು, ಸ್ವಲ್ಪ ಯೋಚಿಸಿ, ಹಿಂಗಾಲು ಚೂರು ಮಡಿಸಿ, ಸಲೀಸಾಗಿ ಉಚ್ಚೆ ಹೊಯ್ದಿತು. ಹೊಟ್ಟೆಗೆ ಒಂದು ಹನಿಯೂ ತಾಗಲಿಲ್ಲ. ಮುಗಿಸಿ, ಪಕ್ಕಕ್ಕೆ ಸರಿದು, ಒದ್ದೆಯಾಗದ ಹೊಟ್ಟೆ ಹೊತ್ತುಕೊಂಡು, ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿತು.

ಒರಟು ನೆಲ ನೀರು ಕುಡಿಯುತ್ತದೆ. ಮೇಣದ ಕಾಪಿಲ್ಲದ ಕಲ್ಲಿನಲ್ಲಿ ಇಂಥದ್ದು ಇಳಿದರೆ ಕಲೆ ಹೋಗುವುದಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಭ್ಯಾಸಬಲದಿಂದ ಕೈ ಬಟ್ಟೆಗೆ ಹೋಯಿತು. ಅತ್ತೆಯವರು ಎದ್ದು, ಗೋಡೆ ಬಿಟ್ಟು, ನೇರವಾಗಿ ಹಜಾರ ದಾಟಿ ಬಂದು ನನ್ನ ಪಕ್ಕ ನಿಂತರು. "ಇರಲಿ ಬಿಡಿ ಅಳಿಯಂದಿರೇ" ಎಂದರು, "ನಿಂತ್ಕೊಂಡು ಮಾಡಿದ್ದು." ನಾನು ಬಟ್ಟೆ ಕೆಳಗಿಟ್ಟೆ.

ಹೆಂಡತಿ ಸ್ನಾನ ಮುಗಿಸಿ ಬಂದು, "ಇದೇನಿದು ನಡುಮಧ್ಯೆ ನೀರು?" ಎಂದು ಒರೆಸಲು ಬಗ್ಗಿದಳು.

"ಮುಟ್ಟಬೇಡ!" ಎಂದೆವು, ಇಬ್ಬರೂ ಒಟ್ಟಿಗೆ.